ಬಾಯಮ್ಮನ ಹಲ್ಲಿನ ಸೆಟ್

ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನೇ ಆಮೇಲೆ ಸೇರಿಸಿಕೊಂಡದ್ದು ಎಂದು ನನಗೆ ಗೊತ್ತಿಲ್ಲ. ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಸವಿ ಅರವತ್ತೆಂಟೋ ಅರವತ್ತೊಂಬತ್ತೋ ಎಂಬುದೂ ಖಚಿತವಿಲ್ಲ. ಮಾತುಗಳೆಲ್ಲ ನಡೆದದ್ದು ತುಳುವಿನಲ್ಲಿ. ಕನ್ನಡದಲ್ಲಿ ಬರೆಯುವಾಗಲೇ ಅವು ಅರ್ಧ ಸುಳ್ಳಾಗಿರುತ್ತವೆ. ಉಳಿದರ್ಧಕ್ಕೆ ನನ್ನ ನೆನಪು ಹೊಣೆ, ಅದರ ಮೇಲೆ ನನಗೆ ನಂಬಿಕೆ ಕಡಿಮೆ.

ಹಾಗಿದ್ದೂ ಬರೆಯಲು ಕೂರಿಸಿದ್ದು ಒಂದು ವಾಸನೆ. ಕಳೆದ ತಿಂಗಳು ಮೊಮ್ಮಗಳು ನನ್ನನ್ನು ಉಡುಪಿಯಲ್ಲಿ ಉಗುರು ಅಂಟಿಸುವ ಅಂಗಡಿಗೆ ಎಳೆದುಕೊಂಡು ಹೋದಳು. ಉಗುರಿಗೂ ಅಂಗಡಿ ಉಂಟೆಂದು ನನಗೆ ಗೊತ್ತಿರಲಿಲ್ಲ. ಅಲ್ಲಿನ ಹುಡುಗಿ ಒಂದು ಸಣ್ಣ ಬಟ್ಟಲಿಗೆ ಎಂಥದೋ ದ್ರವ ಸುರಿದು, ಕುಂಚ ಅದ್ದಿ, ಅದರ ತುದಿಗೆ ಪುಡಿ ಹತ್ತಿಸಿಕೊಂಡಳು. ಆ ವಾಸನೆ ಮೂಗಿಗೆ ಬಡಿಯಿತು. ಸಿಹಿಯೂ ಅಲ್ಲದ, ಘಾಟೂ ಅಲ್ಲದ, ನೇರ ನೆತ್ತಿಗೆ ಹತ್ತುವ ವಾಸನೆ. ಹಲ್ಲಿನ ಸೆಟ್ ಮಾಡುವಾಗ ಅಕ್ರಿಲಿಕ್ ಪುಡಿಗೆ ಬೆರೆಸುತ್ತಿದ್ದ ದ್ರವದ್ದು. ಜೀವಮಾನವಿಡೀ ಅದು ನನ್ನ ಅಂಗಿಗೆ, ಕೈಗೆ, ಮಧ್ಯಾಹ್ನದ ಊಟಕ್ಕೆ ಅಂಟಿಕೊಂಡಿತ್ತು. “ಇದು ಹಲ್ಲು ಕಟ್ಟುವ ಸಾಮಾನು ಅಲ್ವಾ?” ಎಂದು ಆ ಹುಡುಗಿಯನ್ನು ಕೇಳಿದೆ. ಅವಳು ನನಗೆ ಉತ್ತರ ಕೊಡಲಿಲ್ಲ. ಮೊಮ್ಮಗಳ ಕಡೆ ತಿರುಗಿ, “ಅಜ್ಜನನ್ನು ಆ ಕುರ್ಚಿಯಲ್ಲಿ ಕೂರಿಸಿ, ಪಾಪ” ಅಂದಳು.

ನಾನು ಕುರ್ಚಿ ಕೇಳಿರಲಿಲ್ಲ. ಕಾಲು ನೋಯುತ್ತದೆ ಎಂದೂ ಹೇಳಿರಲಿಲ್ಲ. ಒಂದು ಪ್ರಶ್ನೆ ಕೇಳಿದ್ದೆ, ಅದೂ ನನ್ನ ಕಸುಬಿನ ಪ್ರಶ್ನೆ. ಸಿಟ್ಟಿನಲ್ಲೇ ಆ ಕುರ್ಚಿಯಲ್ಲಿ ಕೂತಾಗ ಬಾಯಮ್ಮ ನೆನಪಾದರು.

ಕಾರ್ಕಳದ ಪಕ್ಕದ ಕುಕ್ಕುಂದೂರಿನಲ್ಲಿ ನಮ್ಮ ಗದ್ದೆ ದಾಟಿದರೆ ಅವರ ಮನೆ. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸರನ್ನು ನಮ್ಮ ಕಡೆ ಬಾಯಮ್ಮ ಎಂದೇ ಕರೆಯುವುದು. ಅವರಿಗೆ ಹೆಸರೂ ಇತ್ತು, ಅದು ಇಲ್ಲಿ ಬೇಡ. ಗಂಡ ತೀರಿಹೋದ ಮೇಲೆ ಅಣ್ಣನ ಹಿತ್ತಿಲಿಗೆ ಬಂದು, ಹಿಂದಿನ ಸಣ್ಣ ಹಂಚಿನ ಮನೆಯಲ್ಲಿ ಒಬ್ಬರೇ ಇದ್ದರು. ಮಕ್ಕಳಿರಲಿಲ್ಲ. ಅಂಕದ ಕೋಳಿ, ಎಂದರೆ ಕಾಳಗಕ್ಕೆ ಬಿಡುವ ಹುಂಜ, ಸಾಕಿ ಮಾರುವುದು ಅವರ ಕೆಲಸ. ಮನೆಯ ಸುತ್ತ ಒಂದೊಂದು ಗೂಟಕ್ಕೆ ಒಂದೊಂದು ಹುಂಜ. ಹತ್ತಿರ ಕಟ್ಟಿದರೆ ಒಂದನ್ನೊಂದು ಕುಕ್ಕಿ ಕೊಲ್ಲುತ್ತವೆ. ಕೋಳಿ ಅಂಕದ ದಿನ ಬಾಯಮ್ಮ ಕಪ್ಪು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಂಕುಳಲ್ಲಿ ಹುಂಜ ಇಟ್ಟುಕೊಂಡು, ಹೆಂಗಸರ ನೆರಳೂ ಬೀಳದ ಆ ಗದ್ದೆಗೆ ಇಳಿಯುತ್ತಿದ್ದರು. ಗಂಡಸರು “ಅಜ್ಜಿ ಬಂದ್ರು, ದಾರಿ ಬಿಡಿ” ಎಂದು ಸರಿಯುತ್ತಿದ್ದರು. ತಾನು ಮಾರಿದ ಹುಂಜದ ಕಾಲಿಗೆ ಚೂರಿ ಸರಿಯಾಗಿ ಕಟ್ಟದವನನ್ನು ಅಲ್ಲೇ ನಿಲ್ಲಿಸಿ ಬೈಯುತ್ತಿದ್ದರು. ಇಗರ್ಜಿಯಲ್ಲಿ ಪಾದ್ರಿಯವರ ಪ್ರವಚನ ಉದ್ದವಾದರೆ, ಹೊರಗೆ ಬಂದು “ಫಾದರ್, ನನ್ನ ಕೋಳಿಗಳಿಗೆ ಹಸಿವಾಯ್ತು” ಎಂದು ಅವರಿಗೇ ಹೇಳುತ್ತಿದ್ದರಂತೆ.

ಅವರಿಗೆ ಹಲ್ಲಿರಲಿಲ್ಲ. ಒಂದೂ ಇರಲಿಲ್ಲ. ಐವತ್ತರ ದಶಕದಲ್ಲಿ, ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ಇದ್ದವೇ? ಲೆಕ್ಕ ಹಾಕಿದರೆ ಇದ್ದಿರಲೇಬೇಕು. ಆದರೆ ಎಷ್ಟು ಕೆದಕಿದರೂ ಹಲ್ಲಿರುವ ಬಾಯಮ್ಮ ನನ್ನ ನೆನಪಿನಲ್ಲಿ ಸಿಗುವುದಿಲ್ಲ. ಅವರು ಅಜ್ಜಿಯಾಗಿಯೇ ಹುಟ್ಟಿದವರು, ನನ್ನ ಅಜ್ಜಿಯ ಪ್ರಾಯದವರು, ಅಷ್ಟೆ. ನನ್ನ ಅಜ್ಜಿಯ ಬೆನ್ನು ಬಾಗಿತ್ತು, ಬಾಯಮ್ಮ ಹುಂಜ ಹಿಡಿಯಲು ಗದ್ದೆಯ ಅಂಚಿನಲ್ಲಿ ಓಡುತ್ತಿದ್ದರು. ಇದು ಕಣ್ಣಿಗೆ ಕಾಣುತ್ತಿತ್ತು, ತಲೆಗೆ ಹೋಗಿರಲಿಲ್ಲ. ಬೊಚ್ಚು ಬಾಯಿ ಅಂದರೆ ಮುಪ್ಪು. ಮುಗಿಯಿತು.

ಮಣಿಪಾಲದಲ್ಲಿ ನಾನು ದಂತವೈದ್ಯ ಓದುತ್ತಿದ್ದ ಕಾಲಕ್ಕೆ ಆ ಮುರಕಲ್ಲಿನ ಗುಡ್ಡದ ಮೇಲೆ ಕಟ್ಟಡಗಳು ಏಳುತ್ತಲೇ ಇದ್ದವು. ನಮಗೆ ಪುಸ್ತಕಕ್ಕಿಂತ ದೊಡ್ಡ ಕೊರತೆ ಬೊಚ್ಚು ಬಾಯಿಯದು. ಕೊನೆಯ ಪರೀಕ್ಷೆಗೆ ಪ್ರತಿಯೊಬ್ಬನೂ ಒಬ್ಬ ರೋಗಿಗೆ ಮೇಲೂ ಕೆಳಗೂ ಪೂರ್ತಿ ಹಲ್ಲಿನ ಸೆಟ್ ಮಾಡಿ ತೋರಿಸಬೇಕಿತ್ತು, ರೋಗಿಯನ್ನು ನಾವೇ ಹುಡುಕಿ ತರಬೇಕಿತ್ತು. ಉಡುಪಿಯ ರಥಬೀದಿಯಲ್ಲಿ ನಿಂತು, ಬಾಯಿ ಒಳಗೆ ಹೋದ ಯಾತ್ರಿಕರನ್ನು “ಪುಕ್ಕಟೆ ಹಲ್ಲು ಬೇಕಾ ಅಜ್ಜ?” ಎಂದು ಕೇಳಿ ಬೈಸಿಕೊಂಡವರಿದ್ದರು. ಒಬ್ಬನ ರೋಗಿಯನ್ನು ಇನ್ನೊಬ್ಬ ಮಸಾಲೆ ದೋಸೆ ತಿನ್ನಿಸಿ ಎಗರಿಸುವುದೂ ನಡೆಯುತ್ತಿತ್ತು. ಅಂಬಲಪಾಡಿಯ ನನ್ನ ಸಹಪಾಠಿಯೊಬ್ಬ ತನ್ನ ಸ್ವಂತ ಅಜ್ಜಿಯನ್ನೇ ಮೊದಲ ವರ್ಷದಿಂದ ಜೋಪಾನ ಮಾಡಿಟ್ಟಿದ್ದ. ಅಜ್ಜಿಗೆ ಜ್ವರ ಬಂದರೆ ಅವನ ಮುಖ ಕಪ್ಪಾಗುತ್ತಿತ್ತು.

ನನಗೆ ಬಾಯಮ್ಮ ಇದ್ದರು. ಊರಿಗೆ ಹೋಗಿ ಕೇಳಿದೆ. ಅವರು ಹುಂಜದ ಕಾಲಿಗೆ ಎಣ್ಣೆ ಹಚ್ಚುತ್ತಾ, “ಹಲ್ಲು ಬಂದರೆ ಕೋಳಿ ತುಂಡು ಅಗಿಯಬಹುದಾ ಪುತಾ?” ಎಂದು ಕೇಳಿದರು. ಮಗನೇ ಎಂಬುದಕ್ಕೆ ಅವರ ಕೊಂಕಣಿ ಮಾತು ಅದು.

“ಎಲುಬು ಕೂಡಾ ಅಗಿಯಬಹುದು.”

“ಹಾಗಾದರೆ ಬರ್ತೇನೆ. ಕೋಳಿ ಸಾಕಿ ಸಾಕಿ ಸಾರು ಮಾತ್ರ ಕುಡಿದು ಬೇಸರ ಬಂದುಂಟು.”

ಅವರು ಬರತೊಡಗಿದ ಮೇಲೆ ನನ್ನ ನೆಮ್ಮದಿ ಹೋಯಿತು. ಕಾರ್ಕಳದಿಂದ ಉಡುಪಿಗೆ ಹೋಗುವ ಬಸ್ಸು ಮಣಿಪಾಲದ ಮೇಲೆಯೇ ಹೋಗುವುದರಿಂದ ಬಾಯಮ್ಮ ಎರಡು ಕೆಲಸ ಒಂದೇ ಟಿಕೆಟಿನಲ್ಲಿ ಮುಗಿಸಲು ನೋಡುತ್ತಿದ್ದರು. ಉಡುಪಿಗೋ ಕಾಪುವಿಗೋ ಕೊಡಬೇಕಾದ ಹುಂಜ ಬುಟ್ಟಿಯಲ್ಲಿರುತ್ತಿತ್ತು. ಒಮ್ಮೆ ನಾನೂ ಅದೇ ಬಸ್ಸಿನಲ್ಲಿದ್ದೆ. ಕಂಡಕ್ಟರ್ ಬುಟ್ಟಿ ನೋಡಿ, “ಕೋಳಿಗೂ ಟಿಕೆಟ್ ಆಗಬೇಕು ಬಾಯಮ್ಮ” ಅಂದ.

“ಮೊನ್ನೆ ಅಂಕದಲ್ಲಿ ನಿನ್ನ ಅಪ್ಪನನ್ನು ಗೆಲ್ಲಿಸಿದ್ದು ಇದರ ತಮ್ಮ. ಸೋತ ಕೋಳಿಯ ಸುಕ್ಕ ಮನೆಯಲ್ಲಿ ತಿಂದಿದ್ದಿ ಅಲ್ವಾ? ಅದರಲ್ಲಿ ಹಿಡಿದುಕೋ.”

ಬಸ್ಸಿಗೆ ಬಸ್ಸೇ ನಕ್ಕಿತು. ಹುಡುಗ ಮುಂದೆ ಹೋದ. ನಾನು ಕಿಟಕಿಯ ಹೊರಗೆ ನೋಡುತ್ತಾ ಇವರ ಪರಿಚಯವೇ ಇಲ್ಲದವನಂತೆ ಕೂತೆ. ಆ ಹುಂಜ ಕಾಲೇಜಿನ ಜಗಲಿಯಲ್ಲಿ ಕೂಗಿದಾಗ ನಮ್ಮ ಪ್ರೊಫೆಸರರು ಹೊರಗೆ ಬಂದು, ಬುಟ್ಟಿಯನ್ನು ನೋಡಿ, ನನ್ನನ್ನು ನೋಡಿ, “ಇದಕ್ಕೂ ಸೆಟ್ ಕಟ್ಟುವುದುಂಟೋ?” ಎಂದು ಕೇಳಿದರು. ಅವರು ಹಾಗೆ ಕೇಳಿದ್ದು ನನ್ನನ್ನೋ ಬಾಯಮ್ಮನನ್ನೋ ಈಗ ನೆನಪಿಲ್ಲ. ಬಾಯಮ್ಮ ಮಾತ್ರ, “ಅದಕ್ಕೆ ಬೇಡ ಸ್ವಾಮೀ, ಅದಕ್ಕೆ ಕೊಕ್ಕು ಉಂಟು” ಅಂದರು.

ಬಾಯಿಯ ಅಚ್ಚು ತೆಗೆಯುವಾಗ ಮಾತು ನಿಲ್ಲಿಸುತ್ತಿರಲಿಲ್ಲ. ದವಡೆಯ ಎತ್ತರ ಅಳೆಯುವಾಗ ನಗುತ್ತಿದ್ದರು. ನಕ್ಕರೆ ಅಳತೆ ತಪ್ಪುತ್ತದೆ, ಮತ್ತೆ ಮೊದಲಿಂದ. ಪ್ರಾಯ ಎಷ್ಟು ಎಂದು ಬರೆದುಕೊಳ್ಳಲು ಕೇಳಿದರೆ “ಅರವತ್ತೈದು ಹಾಕು” ಅಂದರು. ಹಾಕಿದೆ. ಸಂಶಯ ಬರಲಿಲ್ಲ. ಎಲ್ಲದರಲ್ಲೂ ಸಂಶಯಪಡುವುದೇ ವಿದ್ಯೆ ಎಂದು ಹಾಸ್ಟೆಲಿನಲ್ಲಿ ವಾದಿಸುತ್ತಿದ್ದ ನನಗೆ, ಎದುರಿಗೆ ಕೂತ ಹೆಂಗಸಿನ ಪ್ರಾಯದ ಬಗ್ಗೆ ಬರಲಿಲ್ಲ.

ಕೊನೆಗೆ ಮೇಣದಲ್ಲಿ ಹಲ್ಲುಗಳನ್ನು ಕೂರಿಸಿ ಬಾಯಿಗಿಟ್ಟು ನೋಡುವ ದಿನ ಬಂತು. ಹಲ್ಲಿನ ಸೆಟ್ಟಿನಲ್ಲಿ ಇದೇ ಮುಖ್ಯ. ಇದು ಸರಿ ಕಂಡರೆ ಆಮೇಲೆ ಮೇಣ ಹೋಗಿ ಆ ಜಾಗಕ್ಕೆ ಅಕ್ರಿಲಿಕ್ ಬರುತ್ತದೆ. ಪರೀಕ್ಷಕರು ನೋಡುವುದೂ ಇದನ್ನೇ: ಪರೀಕ್ಷೆಯ ದಿನ ರೋಗಿಯ ಬಾಯಲ್ಲಿ ಈ ಹಲ್ಲು ಕೂತಿರಬೇಕು. ರೋಗಿ ಬರಲಿಲ್ಲವೋ, ಮುಂದಿನ ಪರೀಕ್ಷೆಯವರೆಗೆ ಕಾಯಬೇಕು.

ನಾನು ಮೇಲಿನದನ್ನು ಇಟ್ಟೆ, ಕೆಳಗಿನದನ್ನು ಇಟ್ಟೆ, ಬಾಯಿ ಮುಚ್ಚಲು ಹೇಳಿದೆ. ಮೂಗಿನ ತುದಿಯ ಹತ್ತಿರ ಹೋಗಿದ್ದ ಗಲ್ಲ ತನ್ನ ಜಾಗಕ್ಕೆ ಇಳಿಯಿತು. ತುಟಿ ತುಂಬಿಕೊಂಡಿತು. ಕೆನ್ನೆಯ ಗುಳಿ ಎದ್ದಿತು. ನನ್ನ ಕೈಯಾರೆ ಮಾಡಿದ ಮೊದಲ ಸೆಟ್. ನಾನು ದೊಡ್ಡ ಜಾದೂಗಾರನಂತೆ ಕನ್ನಡಿ ಹಿಡಿದು, “ನೋಡಿ ಬಾಯಮ್ಮ, ಇಪ್ಪತ್ತು ವರ್ಷ ಕಡಿಮೆಯಾಯಿತು” ಅಂದೆ.

ಮುಂದೆ ನನ್ನ ಕಸುಬಿನಲ್ಲಿ ಆ ಕನ್ನಡಿಯ ಕ್ಷಣವನ್ನು ಎಷ್ಟೋ ಸಲ ನೋಡಿದ್ದೇನೆ. ಕೆಲವರು ಕೈಯಿಂದ ಬಾಯಿ ಮುಚ್ಚಿ ನಗುತ್ತಾರೆ, ಕೆಲವರು ಅಳುತ್ತಾರೆ. ಬಾಯಮ್ಮ ಎರಡೂ ಮಾಡಲಿಲ್ಲ. ಕನ್ನಡಿಯನ್ನು ಒಮ್ಮೆ ನೋಡಿ, ತಕ್ಷಣ ನನ್ನ ಭುಜದ ಆಚೆ ಬಾಗಿಲ ಕಡೆ ನೋಡಿದರು. ಯಾರಾದರೂ ಕಂಡರೇ ಎನ್ನುವಂತೆ. ಆಮೇಲೆ ಎರಡನ್ನೂ ತೆಗೆದು ನನ್ನ ಅಂಗೈಯಲ್ಲಿಟ್ಟರು.

“ಇದು ನನಗೆ ಆಗುವುದಿಲ್ಲ ಪುತಾ.”

“ನೋವಾಗ್ತದಾ?”

“ಇಲ್ಲ.”

“ಸಡಿಲ ಉಂಟಾ?”

“ಇಲ್ಲ ಮಾರಾಯ, ಸರಿ ಉಂಟು. ಸರಿ ಇರುವುದೇ ತೊಂದರೆ.” ನನ್ನ ಅಂಗೈಯ ಹಲ್ಲನ್ನು ಬೆರಳಿನಿಂದ ಮುಟ್ಟಿ ಕೇಳಿದರು: “ಬೇರೆ ಮಾಡಲಿಕ್ಕೆ ಆಗ್ತದಾ? ಸ್ವಲ್ಪ ಹಳದಿ. ಇಲ್ಲಿ ಮುಂದೆ ಒಂದೆರಡು ಇಲ್ಲದ ಹಾಗೆ. ಕೆನ್ನೆ ಹೀಗೆಯೇ ಒಳಗೆ ಇರುವ ಹಾಗೆ.”

“ಹಳೇ ಹಲ್ಲು ಕೊಡಲು ನಾನು ಎಂತ ಗುಜರಿ ಅಂಗಡಿಯವನಾ?” ಎಂದು ರೇಗಿದೆ.

ಅವರು ಬುಟ್ಟಿ ಎತ್ತಿಕೊಂಡು ಹೊರಟುಹೋದರು. ಪರೀಕ್ಷೆ ಎದುರಿಗಿತ್ತು.

ಆ ವಾರ ನಾನು ಕುಕ್ಕುಂದೂರಿಗೆ ಹೋದಾಗ ಅವರು ಅಂಗಳದಲ್ಲಿ ಭತ್ತ ಚೆಲ್ಲುತ್ತಿದ್ದರು. ನಾನು ಮೊದಲು ಬೇಡಿಕೊಂಡೆ, ಆಮೇಲೆ ಜಗಳಕ್ಕೆ ಇಳಿದೆ. ಎಂತಕ್ಕೆ ಬೇಡ ಹೇಳಿ, ಪ್ರಾಯ ಕಡಿಮೆ ಕಂಡರೆ ನಷ್ಟ ಎಂತ? ಅವರು ಭತ್ತದ ಗೆರಸೆ ಕೆಳಗಿಟ್ಟು ಕಟ್ಟೆಯ ಮೇಲೆ ಕೂತರು. ಆಗ ಹೇಳಿದ್ದನ್ನು ನಾನು ಹೀಗೆ ನೆನಪಿಟ್ಟುಕೊಂಡಿದ್ದೇನೆ:

“ಗಂಡ ಸತ್ತು ಇಲ್ಲಿಗೆ ಬಂದಾಗ ನನಗೆ ಬಾಯಿ ತುಂಬ ಹಲ್ಲಿತ್ತು. ಇಗರ್ಜಿಗೆ ಹೋಗಬೇಕಾದರೂ ಅಣ್ಣನ ಮಗ ಜೊತೆಗೆ ಬರಬೇಕು. ಅವನಿಗೆ ಚಡ್ಡಿ ಕಟ್ಟಿಕೊಳ್ಳಲು ಬರುತ್ತಿರಲಿಲ್ಲ. ದಾರಿಯಲ್ಲಿ ಅವನ ಮೂಗು ನಾನು ಒರೆಸಬೇಕು, ಅವನು ನನಗೆ ಕಾವಲು!” ಎಂದು ನಕ್ಕರು. “ಪೇಟೆಗೆ ಹೋಗಬಾರದು, ಗದ್ದೆಯ ಆಚೆ ಕಾಣಿಸಬಾರದು. ಮತ್ತೆ ಹಲ್ಲು ಅಲುಗಲು ಶುರುವಾಯ್ತು. ವಸಡಿನ ರೋಗ. ಡಾಕ್ಟರು ಎಲ್ಲ ಕಿತ್ತರು. ಅಳುತ್ತಾ ಮನೆಗೆ ಬಂದೆ ನಾನು. ಅದಾಗಿ ಸ್ವಲ್ಪ ಸಮಯಕ್ಕೆ ಒಂದು ದಿನ ಒಬ್ಬಳೇ ಕಾರ್ಕಳ ಪೇಟೆಗೆ ಹೋದೆ. ಯಾರೂ ಎಂತ ಕೇಳಲಿಲ್ಲ. ಅಣ್ಣ ಜಗಲಿಯಲ್ಲಿದ್ದ, ಅವನೂ ಕೇಳಲಿಲ್ಲ. ಬರುವಾಗ ಒಂದು ಹುಂಜ ತಂದೆ.”

ನಾನು ಇಪ್ಪತ್ತಮೂರರ ಪಂಡಿತ. ಸುಮ್ಮನಿರಲಾಗಲಿಲ್ಲ. ಹಲ್ಲಿಗೂ ಪ್ರಾಯಕ್ಕೂ ಸಂಬಂಧವಿಲ್ಲ, ಹಲ್ಲು ಹೋಗುವುದು ರೋಗದಿಂದ, ಪ್ರಾಯ ಆಗುವುದು ವರ್ಷದಿಂದ ಎಂದು ವಿವರಿಸಿದೆ. ಜನ ಮೂರ್ಖರಾದರೆ ನೀವು ಯಾಕೆ ಬೊಚ್ಚು ಬಾಯಲ್ಲಿ ಇರಬೇಕು, ಎದುರಿಸಬೇಕು ಎಂದೆ. ಭಾಷಣ ಚೆನ್ನಾಗಿಯೇ ಇತ್ತು.

“ಸರಿ,” ಎಂದರು ಬಾಯಮ್ಮ. “ನೀನು ಮೊದಲು ಜನರನ್ನು ಸರಿ ಮಾಡು. ಆದ ಮೇಲೆ ಬಂದು ಹೇಳು, ನಾನು ಹಲ್ಲು ಹಾಕಿಕೊಳ್ತೇನೆ.”

ನನಗೆ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂತು. ಅವರು ಹೇಳಿದ್ದು ಸರಿಯೆನಿಸಿದ್ದಕ್ಕಲ್ಲ. ಆಗ ಹಾಗೇನೂ ಅನಿಸಲಿಲ್ಲ. ನನ್ನ ಪರೀಕ್ಷೆ ಹೋಗುತ್ತದಲ್ಲ ಎಂದು ಸಿಟ್ಟು. ಮುಖ ನೋಡಿ ಅವರಿಗೇ ಕನಿಕರ ಹುಟ್ಟಿರಬೇಕು. ಪರೀಕ್ಷೆಗೆ ಬರುತ್ತೇನೆ, ಅಲ್ಲಿ ಹಾಕಿಕೊಳ್ಳುತ್ತೇನೆ, ಮಣಿಪಾಲದಲ್ಲಿ ತನ್ನ ಗುರುತು ಯಾರಿಗುಂಟು ಅಂದರು. ಆದರೆ ಊರಲ್ಲಿ ಹಾಕಿಕೋ ಎಂದು ಮತ್ತೆ ಹೇಳಕೂಡದು.

ಬಂದರು. ಆ ದಿನ ಹುಂಜ ತರಲಿಲ್ಲ, ಅದೇ ದೊಡ್ಡದು. ಹೊರಗಿನಿಂದ ಬಂದ ಪರೀಕ್ಷಕರೊಬ್ಬರು ಹಲ್ಲಿನ ಸಾಲನ್ನು ಬೆರಳಿನಿಂದ ಮುಟ್ಟಿ, ಕಚ್ಚಲು ಹೇಳಿ, ತುಟಿ ಸರಿಸಿ ನೋಡಿ ತಲೆಯಾಡಿಸಿದರು. ಆಮೇಲೆ ಸೌಜನ್ಯಕ್ಕೆಂದು ಬಾಯಮ್ಮನ ಕಡೆ ತಿರುಗಿ ಕೇಳಿದರು: “ಒಬ್ಬರೇ ಬಂದಿದ್ದೀರಾ? ಮನೆಯ ಗಂಡಸರು ಯಾರೂ ಬರಲಿಲ್ಲವೇ?”

ಬಾಯಮ್ಮ ನನ್ನನ್ನು ನೋಡಿದರು. ಅಷ್ಟು ತಿಂಗಳಿಂದ ಅದೇ ಕೋಣೆಗೆ ಬೊಚ್ಚು ಬಾಯಲ್ಲಿ ಒಬ್ಬರೇ ಬಂದು ಹೋಗುತ್ತಿದ್ದರು, ಯಾರೂ ಹಾಗೆ ಕೇಳಿರಲಿಲ್ಲ… ಇಷ್ಟು ಕರಾರುವಾಕ್ಕಾಗಿ ಎಲ್ಲಾದರೂ ನಡೆಯುತ್ತದೆಯೇ? ಈ ಪ್ರಶ್ನೆಯನ್ನು ಪರೀಕ್ಷಕರ ಬಾಯಿಗೆ ನಾನೇ ಇಟ್ಟಿರಬಹುದು. ಸಂಶಯವಿದೆ. ಬಾಯಮ್ಮನ ಆ ನೋಟದ ವಿಷಯದಲ್ಲಿ ಮಾತ್ರ ಇಲ್ಲ.

ನಾನು ಪಾಸಾದೆ. ಮುಗಿದ ಸೆಟ್ಟನ್ನು ಡಬ್ಬಿಯಲ್ಲಿ ಹಾಕಿ ಕೊಟ್ಟಾಗ ಅವರು ಅದನ್ನು ಕೋಳಿಯ ತೌಡಿನ ಚೀಲಕ್ಕೆ ಹಾಕಿಕೊಂಡರು. ಬಾವಿಗೆ ಎಸೆಯುತ್ತಾರೆ ಎಂದುಕೊಂಡೆ. ಊರಲ್ಲಿ ಅದೇ ಬೊಚ್ಚು ಬಾಯಿ, ಅದೇ ಬೈಗುಳ, ಅದೇ ಕಂಕುಳ ಹುಂಜ. ನನ್ನ ಮೊದಲ ಕೆಲಸ ತೌಡಿನಲ್ಲಿ ಹೋಯಿತಲ್ಲ ಎಂದು ಅವರನ್ನು ಕಂಡಾಗೆಲ್ಲ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಅಮ್ಮ ಹಲಸಿನ ಹಣ್ಣಿನ ಗಟ್ಟಿ ಮಾಡಿ, ಬಾಯಮ್ಮನಿಗೆ ಕೊಟ್ಟು ಬಾ ಎಂದು ಪಾತ್ರೆ ಕೈಗಿತ್ತರು. ಗದ್ದೆ ದಾಟಿ ಹೋದೆ. ಬಾಗಿಲು ಅರ್ಧ ತೆರೆದಿತ್ತು, ಕೋಳಿ ಸಾರಿನ ಪರಿಮಳ ಅಂಗಳದವರೆಗೆ ಬಂದಿತ್ತು. ಒಳಗೆ ಹೆಂಗಸೊಬ್ಬಳು ನೆಲದ ಮೇಲೆ ಕೂತು ಊಟ ಮಾಡುತ್ತಿದ್ದಳು. ಕೋಳಿಯ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಕಚ್ಚಿ ಎಳೆಯುತ್ತಿದ್ದಳು. ಯಾರೋ ನೆಂಟರು ಬಂದಿದ್ದಾರೆ ಅಂದುಕೊಂಡೆ. ಅವಳು ಮುಖವೆತ್ತಿದಾಗ ಬಾಯಮ್ಮ ಎಂದು ಗೊತ್ತಾಯಿತು.

ಚಿಕ್ಕಂದಿನಿಂದ ನಾನು ಆ ಮನೆಗೆ ಕೇಳದೆ ನುಗ್ಗಿದವನು. ಅವರ ಮಡಕೆಗೆ ಕೈ ಹಾಕಿ ತಿಂದವನು. ಆ ದಿನ ಹೊಸ್ತಿಲ ಹತ್ತಿರವೂ ಹೋಗಲಿಲ್ಲ. ಮೆಟ್ಟಿಲ ಕೆಳಗೆ ಪಾತ್ರೆ ಹಿಡಿದು ನಿಂತೆ. ಬಾಯಿಗೆ ಬಂದದ್ದು ಇದು:

“ಅಣ್ಣ ಇಲ್ವಾ ಮನೆಯಲ್ಲಿ?”

ಬಾಯಮ್ಮ ಕೋಳಿಯ ಕಾಲನ್ನು ತಟ್ಟೆಯಲ್ಲಿಟ್ಟು ಜೋರಾಗಿ ನಕ್ಕರು. ಹಲ್ಲು ಒಂದಿಷ್ಟೂ ಅಲುಗಲಿಲ್ಲ, ಕೆಲಸ ಚೆನ್ನಾಗಿತ್ತು. “ಎಂತ ಡಾಕ್ಟ್ರೇ, ಹಲ್ಲಿಗೂ ಪ್ರಾಯಕ್ಕೂ ಸಂಬಂಧ ಇಲ್ಲ ಅಂದದ್ದು ನೀನೇ ಅಲ್ವಾ?” ಎಂದರು. ಗೋಡೆಯ ಕಡೆ ತಿರುಗಿ ಸೆಟ್ಟನ್ನು ತೆಗೆದು, ಚೆಂಬಿನ ನೀರಿನಲ್ಲಿ ತೊಳೆದು, ಒಂದು ಬೋಗುಣಿಗೆ ಹಾಕಿ ಮುಚ್ಚಿದರು. ಈಚೆ ತಿರುಗಿದಾಗ ಕೆನ್ನೆ ಮತ್ತೆ ಒಳಗೆ ಹೋಗಿತ್ತು. “ಈಗ ಬಾ. ಕೂತುಕೋ.”

ಹೋದೆ. ಕೂತೆ. ಕಾಲು ತಾನಾಗಿ ಹೋಯಿತು, ಅದೇ ನಾಚಿಕೆ. ಅವರು ತಟ್ಟೆಯಲ್ಲಿ ಉಳಿದ ತುಂಡುಗಳನ್ನೆಲ್ಲ ಬೇರೆ ತಟ್ಟೆಗೆ ತೆಗೆದು ನನ್ನ ಎದುರಿಗಿಟ್ಟು, ತಾವು ಸಾರನ್ನ ಕಲಸಿಕೊಂಡರು. ಹಾಕಿಕೊಳ್ಳಿ, ನಾನು ಹೊರಗೆ ಹೋಗುತ್ತೇನೆ ಎಂದೆ. “ತಿನ್ನು ಸುಮ್ಮನೆ” ಅಂದರು. ತಿಂದೆ. ರುಚಿ ನೆನಪಿಲ್ಲ.

ಆಮೇಲೆ ಕಸುಬು ಹಿಡಿದು ಊರೂರು ತಿರುಗಿದೆ. ಸೆಟ್ ಕಟ್ಟಿಸಿಕೊಂಡವರೆಲ್ಲರದು ಒಂದೇ ಪದ್ಧತಿ: ಹೊರಗೆ ಹೋಗುವಾಗ ಹಾಕುತ್ತಾರೆ, ಮನೆಗೆ ಬಂದು ತೆಗೆದು ನೀರಿಗೆ ಹಾಕಿ ಉಸ್ಸಪ್ಪಾ ಎನ್ನುತ್ತಾರೆ. ಮದುವೆಗೆ, ದೇವಸ್ಥಾನಕ್ಕೆ, ಫೋಟೋಕ್ಕೆ ಹಲ್ಲು. ಮನೆಯೊಳಗೆ ಬಾಗಿಲು ಅರೆ ಮುಚ್ಚಿ ಹಾಕಿಕೊಂಡು, ಹೊರಗೆ ಹೋಗುವಾಗ ತೆಗೆ‌ದಿಟ್ಟು ಹೋಗುತ್ತಿದ್ದ ಒಬ್ಬರನ್ನೇ ನಾನು ಕಂಡದ್ದು. ಯಾರಿಗೂ ಹೇಳಲಿಲ್ಲ. ಹೇಳಿದರೆ ಅವರ ಅಣ್ಣನ ಕಿವಿಗೆ ಹೋಗುತ್ತಿತ್ತು.

ಆ ದಿನ ಹೊಸ್ತಿಲಾಚೆ ಕಂಡ ಮುಖಕ್ಕೆ ಎಷ್ಟು ಪ್ರಾಯವಿತ್ತು? ನಲವತ್ತೈದು? ನಲವತ್ತೆಂಟು? ನಾನು ಆ ಪ್ರಾಯಕ್ಕೆ ಬಂದಾಗ ತಲೆಗೆ ಬಣ್ಣ ಹಚ್ಚುತ್ತಿದ್ದೆ, ಯಾರಾದರೂ ಅಂಕಲ್ ಅಂದರೆ ಕೆಂಡವಾಗುತ್ತಿದ್ದೆ. ಮುಪ್ಪು ಎಂದರೆ ನನಗಿಂತ ಹದಿನೈದು ವರ್ಷ ಆಚೆಗಿರುವುದು ಎಂದು ಆಗ ಲೆಕ್ಕ. ಆ ಪ್ರಾಯ ಬಂದಾಗ ಲೆಕ್ಕವೂ ಹದಿನೈದು ವರ್ಷ ಮುಂದೆ ಹೋಯಿತು. ಈಗ ಎಂಬತ್ತರ ಹತ್ತಿರ ನಿಂತಿದ್ದೇನೆ, ಇನ್ನು ಸರಿಸಲು ಜಾಗವಿಲ್ಲ. ಹುಡುಗನಾಗಿದ್ದಾಗ ಮುಪ್ಪು ಎಂದರೆ ಬೊಚ್ಚು ಬಾಯಿ; ವಿದ್ಯಾರ್ಥಿಯಾಗಿದ್ದಾಗ ಅದು ರಿಪೇರಿ ಮಾಡಿ ಅಂಕ ಗಳಿಸುವ ಸಾಮಾನು. ಈಗ ಅದು ನನ್ನ ಪ್ರಶ್ನೆಗೆ ಮೊಮ್ಮಗಳ ಮುಖ ನೋಡಿ ಉತ್ತರ ಕೊಡುವ ಜನ. ಬ್ಯಾಂಕಿನಲ್ಲಿ ಕಿವಿಯ ಹತ್ತಿರ ಕಿರುಚುತ್ತಾರೆ, ನನ್ನ ಕಿವಿ ಸರಿ ಉಂಟು. ಬಸ್ಸಿನಲ್ಲಿ ರಟ್ಟೆ ಹಿಡಿದು ಹತ್ತಿಸುತ್ತಾರೆ. ಎಲ್ಲಿ ಹೋದರೂ ಕೂರಿಸುತ್ತಾರೆ.

ಬಾಯಮ್ಮನನ್ನು ಮುಪ್ಪು ಎಬ್ಬಿಸಿ ಹೊರಗೆ ಕಳಿಸಿತ್ತು. ನನಗೆ ಅದರಿಂದ ಹೊಸದಾಗಿ ಯಾವ ಬಾಗಿಲೂ ತೆರೆಯಲಿಲ್ಲ. ತೆರೆಯಲು ಮುಚ್ಚಿದ್ದಾದರೂ ಯಾವುದಿತ್ತು? ಕೋಳಿ ಅಂಕಕ್ಕೆ ಹೋಗಲು, ಪೇಟೆಯಲ್ಲಿ ಅಲೆಯಲು, ಕಂಡವರಿಗೆ ಬೈಯಲು ನನಗೆ ಹಲ್ಲು ಕೀಳಿಸಿಕೊಳ್ಳಬೇಕಾಗಿರಲಿಲ್ಲ. ಹಾಗೆಂದು ಅವರು ಮಾಡಿದ್ದು ಸರಿ ಎಂದು ಒಪ್ಪಲೂ ನನಗೆ ಮನಸ್ಸಿಲ್ಲ. ಒಳ್ಳೆಯ ಹಲ್ಲನ್ನು ಬೋಗುಣಿಯಲ್ಲಿ ಮುಚ್ಚಿಟ್ಟು, ಇಲ್ಲದ ಮುಪ್ಪನ್ನು ಹೊತ್ತು ತಿರುಗುವುದು ಯಾವ ನ್ಯಾಯ? ಇದನ್ನು ಅವರ ಹತ್ತಿರವೇ ಇನ್ನೊಮ್ಮೆ ಜಗಳ ಮಾಡಿ ತೀರ್ಮಾನಿಸಬೇಕಿತ್ತು. ನಾನು ದೂರದ ಊರಲ್ಲಿದ್ದಾಗ ಅವರು ತೀರಿಹೋದರು. ಆಗ ನಿಜಕ್ಕೂ ಪ್ರಾಯವಾಗಿತ್ತೋ ಇಲ್ಲವೋ…

ಸಾವಿನ ಕತೆ ಅಮ್ಮ ಹೇಳಿದ್ದು. “ನಮ್ಮ ಮನೆಯ ಹೆಂಗಸು ಬೊಚ್ಚು ಬಾಯಲ್ಲಿ ಇಗರ್ಜಿಗೆ ಹೋಗಬಾರದು” ಎಂದು ಬಾಯಮ್ಮನ ಅಣ್ಣ ಹಟ ಹಿಡಿದು, ಸತ್ತ ಮೇಲೆ ಬೋಗುಣಿಯಲ್ಲಿ ಸಿಕ್ಕಿದ ಸೆಟ್ಟನ್ನು ತಂಗಿಯ ಬಾಯಿಗೆ ಹಾಕಿಸಿದರಂತೆ. ಕೋಳಿ ಅಂಕದ ಗಂಡಸರು ಕಾಪುವಿನಿಂದಲೂ ಬಂದಿದ್ದರಂತೆ. ಸಾಲಾಗಿ ಪೆಟ್ಟಿಗೆಯೊಳಗೆ ಇಣುಕಿ, “ಬಾಯಮ್ಮ ಎಲ್ಲಿ?” ಎಂದು ಕೇಳಿದರಂತೆ. ನಾನು ನಂಬಲಿಲ್ಲ. ಅಮ್ಮನ ಕತೆಗೆ ಯಾವಾಗಲೂ ಒಗ್ಗರಣೆ ಹೆಚ್ಚು. ಮೇಲಾಗಿ ಸೆಟೆದ ದವಡೆಗೆ ಸೆಟ್ ಕೂರಿಸುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು.

ಉಗುರಿನ ಅಂಗಡಿಯಿಂದ ಬಂದ ಮೇಲೆ ಸುಮ್ಮನಿರಲಾಗಲಿಲ್ಲ. ಕುಕ್ಕುಂದೂರಿಗೆ ಹೋದೆ. ಹಿಂದಿನ ಸಣ್ಣ ಮನೆ ಈಗ ಇಲ್ಲ, ಆ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ. ಮುಂದಿನ ಮನೆಯಲ್ಲಿ ಬಾಯಮ್ಮನನ್ನು ಬಲ್ಲವರು ಒಬ್ಬರೇ ಉಳಿದಿದ್ದರು: ಆ ಮೂಗು ಸುರಿಸುವ ಕಾವಲುಗಾರನ ಹೆಂಡತಿ, ಅಣ್ಣನ ಸೊಸೆ. ಅವರಿಗೂ ನನ್ನದೇ ಪ್ರಾಯ. ನಾನು ಒಂದೊಂದಾಗಿ ಕೇಳಿದೆ. ಪರೀಕ್ಷೆಯ ವಿಷಯ ಗೊತ್ತಿಲ್ಲ. ಕಾಪುವಿನವರು ಬಂದದ್ದು ನೆನಪಿಲ್ಲ. ಬಾಯಮ್ಮ ಹೋಗುವಾಗ ಎಷ್ಟು ಪ್ರಾಯ ಎಂದರೆ, “ಎಷ್ಟು ಅಂದರೆ… ಅಜ್ಜಿ ಅಲ್ವಾ ಡಾಕ್ಟ್ರೇ ಅವರು?” ಎಂದರು.

ಎದ್ದು ಹೊರಟವನು ಕೊನೆಗೆ ಹಲ್ಲಿನ ವಿಷಯ ಕೇಳಿದೆ. ಅದು ಅವರಿಗೆ ಚೆನ್ನಾಗಿ ನೆನಪಿತ್ತು.

“ಹಾಕಿದ್ದು ನಾನೇ. ಮಾವ ಹೇಳಿದ ಮೇಲೆ ಹಾಕದೆ ಆಗ್ತದಾ? ಮೈ ಬಿಸಿ ಇರುವಾಗಲೇ ಹಾಕಿದೆ, ಸರಿ ಕೂತಿತು. ಆದರೆ ನೋಡಿದರೆ ಯಾರೋ ಬೇರೆ ಹೆಂಗಸು ಮಲಗಿದ ಹಾಗೆ. ನನಗೇ ಹೆದರಿಕೆಯಾಯ್ತು. ಇಗರ್ಜಿಗೆ ಹೊರಡುವಾಗ ಮಾವ ಜನ ಬಂದರಾ ನೋಡಲಿಕ್ಕೆ ಅಂಗಳಕ್ಕೆ ಇಳಿದರು. ಆಗ ದವಡೆ ಒತ್ತಿ ಬಿಡಿಸಿ ಮೆಲ್ಲ ತೆಗೆದೆ. ಮಾವನಿಗೆ ಕಡೆಯವರೆಗೂ ಗೊತ್ತಾಗಲಿಲ್ಲ.”

ಇಷ್ಟು ಬರೆದದ್ದರಲ್ಲಿ ಕಣ್ಣಾರೆ ಕಂಡವರಿಂದ ಕೇಳಿ ಖಚಿತ ಮಾಡಿಕೊಂಡದ್ದು ಇದೊಂದೇ: ಪೆಟ್ಟಿಗೆ ಮುಚ್ಚುವಾಗ ಬಾಯಮ್ಮನ ಬಾಯಲ್ಲಿ ಹಲ್ಲಿರಲಿಲ್ಲ.